ಬೆಳಗಿನ ಹೊತ್ತು ಮುಚ್ಚದ ಪಿಸ್ತೂಲು

ನಾನು ಹೆದರುಪುಕ್ಕಲ. ಕೋವಿ ರಿಪೇರಿ ಮಾಡುವವನ ಬಾಯಲ್ಲಿ ಈ ಮಾತು ಕೇಳಿದರೆ ಜನ ನಗುತ್ತಾರೆ. ನಗಲಿ. ಹಾಸನದ ನನ್ನ ಅಂಗಡಿಗೆ ಕೋವಿ ತಂದವರು ‘ಖಾಲಿ ಐತೆ ಸಾ’ ಎಂದು ಮೇಜಿನ ಮೇಲಿಟ್ಟರೆ, ಅದರ ನಳಿಗೆಯನ್ನು ಮಣ್ಣಿನ ಗೋಡೆಯ ಕಡೆಗೆ ತಿರುಗಿಸಿ ನಾನೇ ಬಿಚ್ಚಿ ನೋಡುವ ತನಕ ನನಗೆ ಉಸಿರು ಸರಿಯಾಗಿ ಆಡುತ್ತಿರಲಿಲ್ಲ. ಮದ್ದುಗುಂಡು ತುಂಬಿದ ತೋಟಾಗಳನ್ನು ಮನೆಯಲ್ಲೇ ಬಿಟ್ಟು ಬರಬೇಕೆಂದು ಎಲ್ಲರಿಗೂ ಕಟ್ಟುನಿಟ್ಟು ಮಾಡಿದ್ದೆ. ತೋಟಾ ತಂದವರನ್ನು ಬಾಗಿಲಿನಿಂದಲೇ ವಾಪಸು ಕಳಿಸುತ್ತಿದ್ದೆ.

ಈ ಭಯಕ್ಕೆ ಕಾರಣವಿತ್ತು. ಅರಕಲಗೂಡಿನ ಹತ್ತಿರದ ಹಳ್ಳಿಯಲ್ಲಿ ಒಬ್ಬ ರೈತ ಹಂದಿಗೆ ಹೊಡೆದ ಕೋವಿ ಹಿಂಬದಿಯಿಂದ ಸಿಡಿದಿತ್ತು. ಹೇಗೆ ಸಿಡಿಯಿತೆಂದು ನೋಡಿ ಹೇಳಲು ಪೊಲೀಸರು ನನ್ನನ್ನು ಕರೆದುಕೊಂಡು ಹೋಗಿದ್ದರು. ಕೋವಿಯನ್ನು ನೋಡುವ ಮೊದಲು ನಾನು ಆ ಮನುಷ್ಯನ ಮುಖ ನೋಡಿಬಿಟ್ಟೆ. ಮದ್ದು ಮುಂದಕ್ಕೆ ಎಷ್ಟು ಬಲವಾಗಿ ತಳ್ಳುತ್ತದೋ ಹಿಂದಕ್ಕೂ ಅಷ್ಟೇ ಬಲವಾಗಿ ತಳ್ಳುತ್ತದೆ. ಹಿಂದಿನ ಬಾಗಿಲು ಭದ್ರವಾಗಿದ್ದರೆ ಗುಂಡು ಮುಂದೆ ಹೋಗುತ್ತದೆ, ಇಲ್ಲದಿದ್ದರೆ ಬೆಂಕಿ ಹೊಡೆದವನ ಕಡೆಗೇ ಬರುತ್ತದೆ. ಆಮೇಲೆ ಹಿಂಬದಿ ಸರಿಯಾಗಿ ಮುಚ್ಚದ ಯಾವ ಆಯುಧ ಕಂಡರೂ ನಾನು ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದೆ.

ಅಂಥವನ ಮುಂದೆ, ಅರವತ್ತರ ದಶಕದ ಶುರುವಿನ ಒಂದು ಧನುರ್ಮಾಸದಲ್ಲಿ, ದಂಡಿಗನಹಳ್ಳಿ ಕಡೆಯ ಗೌಡರೊಬ್ಬರು ಬಂದು ಕೂತು ಟವೆಲ್ಲಿನ ಗಂಟು ಬಿಚ್ಚಿದರು. ಒಳಗಿದ್ದದ್ದು ಪಿಸ್ತೂಲು. ನಮ್ಮ ಕಡೆ ಕೇಪಿನ ಕೋವಿ, ಒಂಟಿ ನಳಿಗೆ, ಜೋಡಿ ನಳಿಗೆ ಇವೇ ಹೆಚ್ಚು, ಪಿಸ್ತೂಲು ಅಪರೂಪ. ಮಿಲಿಟರಿಯಲ್ಲಿದ್ದ ಸೋದರಮಾವನದಂತೆ. ಆತ ತೀರಿಕೊಂಡ ಮೇಲೆ ಲೈಸೆನ್ಸು ಇವರ ಹೆಸರಿಗೆ ಬಂದಿತ್ತು.

“ಬಾಗ್ಲು ಪೂರ್ತಿ ಮುಚ್ಚಾಕಿಲ್ಲ ಮೇಸ್ತ್ರೀ. ಎಳ್ದು ಬುಟ್ರೆ ಇಷ್ಟೇ ಇಷ್ಟು ಇರಂಗೆ ನಿಂತ್ಬುಡ್ತದೆ,” ಎಂದು ಗೌಡರು ಹೆಬ್ಬೆರಳಿನ ಉಗುರಿನ ತುದಿ ತೋರಿಸಿದರು.

ಇಂಥ ಪಿಸ್ತೂಲಿನ ಮೇಲ್ಭಾಗ ಹಿಂದಕ್ಕೂ ಮುಂದಕ್ಕೂ ಜಾರುತ್ತದೆ. ನಾವು ಅದನ್ನು ಸ್ಲೈಡು ಎನ್ನುತ್ತೇವೆ. ಹಿಂದಕ್ಕೆಳೆದು ಬಿಟ್ಟರೆ ಒಳಗಿನ ಸ್ಪ್ರಿಂಗು ಅದನ್ನು ಮುಂದಕ್ಕೆ ತಳ್ಳುತ್ತದೆ. ಹೋಗುವಾಗ ಅದು ಹಿಡಿಯೊಳಗಿನ ಮ್ಯಾಗಜೀನಿನಿಂದ ಒಂದು ತೋಟಾ ಎತ್ತಿಕೊಂಡು ನಳಿಗೆಯ ಹಿಂಬದಿಯ ಗೂಡಿಗೆ ನೂಕಿ, ತಾನೇ ಬಾಗಿಲಾಗಿ ನಿಲ್ಲುತ್ತದೆ. ನಡುವೆ ಒಂದು ಅಕ್ಕಿಕಾಳಿನಷ್ಟು ಸಂದು ಉಳಿದರೂ ಬಾಗಿಲು ಮುಚ್ಚಿಲ್ಲವೆಂದೇ ಲೆಕ್ಕ. ಆಗ ಟ್ರಿಗರು ಎಳೆದರೂ ಹೊಡೆಯದಂತೆ ತಡೆಯುವ ತುಂಡೊಂದು ಒಳಗಿರುತ್ತದೆ. ಆದರೆ ಹಳೆಯ ಪಿಸ್ತೂಲಿನಲ್ಲಿ ಅದು ಸವೆದಿದ್ದರೆ? ನನಗೆ ಅರಕಲಗೂಡಿನ ಮುಖ ಕಣ್ಣ ಮುಂದೆ ಬಂತು.

“ನಿಧಾನಕ್ಕೆ ನೋಡ್ತೀನಿ, ಮುಂದಿನ ತಿಂಗಳು ಬನ್ನಿ ಗೌಡ್ರೇ,” ಅಂದೆ.

“ಅಷ್ಟ್ ದಿನ ಇಲ್ಲ ಮೇಸ್ತ್ರೀ,” ಎಂದು ಅವರು ದನಿ ತಗ್ಗಿಸಿ ಹೇಳಿದರು. ಚನ್ನರಾಯಪಟ್ಟಣದ ಸಂತೆ ಮುಗಿದ ಹೊತ್ತಿನಲ್ಲಿ ಒಂದು ಕೊಲೆಯಾಗಿತ್ತು. ಕಂಡವರು ಅನೇಕರು. ‘ನಾನು ಕಂಡೆ’ ಎಂದು ಹೇಳಿಕೆ ಕೊಟ್ಟವರು ಈ ಗೌಡರೊಬ್ಬರೇ. ಹಾಸನದ ಕೋರ್ಟಿನಲ್ಲಿ ಮುಂದಿನ ವಾರವೇ ಸಾಕ್ಷಿ ಹೇಳಬೇಕು. ಆರೋಪಿಯ ಕಡೆಯವರು ಆಗಲೇ ಇವರ ಹುಲ್ಲಿನ ಮೆದೆಗೆ ಬೆಂಕಿ ಇಟ್ಟಿದ್ದರು. ‘ಕೋರ್ಟಿನ ಮೆಟ್ಲು ಅತ್ತಿಸಾಕಿಲ್ಲ’ ಎಂದು ಸಂತೆಯಲ್ಲಿ ಹೇಳಿಸಿಯೂ ಇದ್ದರು. ಇವರ ಮನೆ ಊರಿನಿಂದ ಆಚೆ, ತೋಪಿನ ಮಗ್ಗುಲಲ್ಲಿ. ಮೊದಲನೇ ಬಸ್ಸು ಹಿಡಿಯಬೇಕೆಂದರೆ ಬೆಳಕು ಹರಿಯುವ ಮುಂಚೆ ಗಾಡಿ ಕಟ್ಟಿಕೊಂಡು ಕೆರೆ ಏರಿಯ ಮೇಲೆ ಟಾರು ರಸ್ತೆಗೆ ಬರಬೇಕು. ಆ ದಾರಿಯಲ್ಲಿ ಕೂಗಿದರೆ ಕೇಳುವವರಿಲ್ಲ.

ಪಿಸ್ತೂಲು ಮುಚ್ಚದೆ ನಿಂತರೆ ದಾರಿಯಲ್ಲಿ ಈ ಮನುಷ್ಯನನ್ನು ಕಡಿದುಹಾಕುತ್ತಾರೆ. ಮುಚ್ಚದೆಯೇ ಹೊಡೆದರೆ ಕೈಯೋ ಕಣ್ಣೋ ಹೋಗುತ್ತದೆ. ಎರಡರಲ್ಲಿ ಯಾವುದು ಆದರೂ ‘ಹಾಸನದ ಮೇಸ್ತ್ರಿ ರಿಪೇರಿ ಮಾಡಿ ಕೊಟ್ಟದ್ದು’ ಎಂದೇ ಆಗುತ್ತದೆ. ಆಗುವುದಿಲ್ಲ ಎನ್ನಬೇಕೆಂದು ಬಾಯಿ ತೆರೆದೆ. ಗೌಡರು ನನ್ನ ಮುಖವನ್ನೇ ನೋಡುತ್ತಿದ್ದರು. “ನೋಡೋಣ, ಬಿಟ್ಟುಹೋಗಿ,” ಅಂದೆ.

ಕೆಲಸಕ್ಕೆ ಕೂತಾಗ ಮೊದಲು ಮ್ಯಾಗಜೀನು ಹೊರಗೆ ತೆಗೆದೆ, ಆಮೇಲೆ ಸ್ಲೈಡು ಹಿಂದಕ್ಕೆಳೆದು ಹಿಡಿದು ಗೂಡಿಗೆ ಬೆಳಕು ಬಿಟ್ಟು ನೋಡಿದೆ. ಕಣ್ಣನ್ನು ನಂಬದೆ ಕಿರುಬೆರಳು ತೂರಿಸಿಯೂ ನೋಡಿದೆ. ಖಾಲಿ. ಖಾಲಿ ಪಿಸ್ತೂಲಿನ ಸ್ಲೈಡು ಎಳೆದು ಬಿಟ್ಟರೆ ಟಕ್ ಎಂದು ಪೂರ್ತಿ ಮುಚ್ಚಿತು. ಮದ್ದಿಲ್ಲದ, ಪಕ್ಕದಲ್ಲಿ ತೂತು ಕೊರೆದ ಹುಸಿ ತೋಟಾಗಳನ್ನು ಇಂಥ ಪರೀಕ್ಷೆಗೆಂದೇ ಮಾಡಿಟ್ಟುಕೊಂಡಿದ್ದೆ. ಅವನ್ನು ತುಂಬಿ ಎಳೆದೆ. ಆಗಲೂ ಮುಚ್ಚಿತು. ಮತ್ತೆ ಮತ್ತೆ ಎಳೆದೆ, ಬೇಕೆಂದೇ ಮೆತ್ತಗೆ ಬಿಟ್ಟೂ ನೋಡಿದೆ. ಒಂದು ಸಲವೂ ನಿಲ್ಲಲಿಲ್ಲ.

ರೋಗವೇ ಕಾಣಿಸದ ರೋಗಿಯಿದು. ನನ್ನ ಭಯ ಕಡಿಮೆಯಾಗಬೇಕಿತ್ತು, ಹೆಚ್ಚಾಯಿತು. ಪೂರ್ತಿ ಬಿಚ್ಚಿದೆ. ಮ್ಯಾಗಜೀನಿನ ತುಟಿ ಬಗ್ಗಿರಲಿಲ್ಲ. ತೋಟಾ ಹಿಡಿದೆಳೆಯುವ ಕೊಕ್ಕೆ ಬಿಗಿಯಾಗಿಯೂ ಇರಲಿಲ್ಲ, ಸಡಿಲವಾಗಿಯೂ ಇರಲಿಲ್ಲ. ಗೂಡಿನ ಒಳಗೋಡೆಯಲ್ಲಿ ಹಳದಿ ಬಣ್ಣ ಮೆತ್ತಿತ್ತು. ಹಿತ್ತಾಳೆ ತೋಟಾ ಉಜ್ಜಿ ಉಜ್ಜಿ ಹಾಗಾಗುವುದುಂಟು, ಆಶ್ಚರ್ಯ ಅನಿಸಲಿಲ್ಲ. ಸೀಮೆಎಣ್ಣೆಯಲ್ಲಿ ಅದ್ದಿ ಬ್ರಷ್ಷಿನಿಂದ ಉಜ್ಜಿ ಒರೆಸಿ, ಜಾರುವ ಕಡೆ ತೆಳ್ಳಗೆ ಮೆಷಿನ್ ಎಣ್ಣೆ ಸವರಿದೆ. ಪೊಲೀಸರ ಅನುಮತಿ ಪಡೆದು ಊರಾಚೆಯ ಅವರ ಗುಂಡು ಹಾರಿಸುವ ಮೈದಾನಕ್ಕೆ ಹೋಗಿ, ನನ್ನ ಬಳಿಯಿದ್ದ ತೋಟಾಗಳನ್ನು ಮಟಮಟ ಮಧ್ಯಾಹ್ನದಲ್ಲಿ ಹಾರಿಸಿದೆ. ಮುಖ ಆಚೆ ತಿರುಗಿಸಿಕೊಂಡೇ ಹೊಡೆದೆ ಎನ್ನಲು ನನಗೆ ನಾಚಿಕೆಯಿಲ್ಲ. ಪಿಸ್ತೂಲು ಹೊಸತರ ಹಾಗೆ ಕೆಲಸ ಮಾಡಿತು.

ಗೌಡರಿಗೆ ಕೊಟ್ಟು ಕಳಿಸಿದೆ. ಒಂದು ದಿನ ಬಿಟ್ಟು ಅವರು ಮತ್ತೆ ಬಾಗಿಲಲ್ಲಿ ನಿಂತಿದ್ದರು.

“ಅದೇ ಕತೆ ಮೇಸ್ತ್ರೀ. ಒತ್ತಾರೆ ನೋಡ್ದೆ, ಅಂಗೇ ನಿಂತ್ಬುಡ್ತು.”

ಅವರ ಮುಂದೆಯೇ ಹುಸಿ ತೋಟಾ ತುಂಬಿ ಎಳೆದು ತೋರಿಸಿದೆ. ಟಕ್ ಎಂದು ಮುಚ್ಚಿತು. ಅವರೂ ಎಳೆದರು, ಮುಚ್ಚಿತು. ಗೌಡರು ಪಿಸ್ತೂಲನ್ನೂ ನನ್ನನ್ನೂ ನೋಡಿ, “ನಿಮ್ಮನ್ ಕಂಡ್ರೆ ಇದ್ಕೂ ಭಯ ಅಂತ ಕಾಣ್ತದೆ,” ಅಂದರು. ಇಬ್ಬರೂ ನಕ್ಕೆವು. ನಗು ಬೇಗ ನಿಂತುಹೋಯಿತು.

ಸ್ಪ್ರಿಂಗು ಸೋತಿರಬಹುದು ಎಂಬ ಒಂದೇ ಅನುಮಾನ ನನಗೆ ಉಳಿದಿತ್ತು. ಹೊಳೆನರಸೀಪುರದಲ್ಲಿ ಮಿಲಿಟರಿಯ ಆಯುಧ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ಹವಾಲ್ದಾರರೊಬ್ಬರಿದ್ದರು. ಬಸ್ಸು ಹತ್ತಿ ಅವರ ಮನೆಗೆ ಹೋದೆ. ಅವರು ಸ್ಪ್ರಿಂಗನ್ನು ಅಂಗೈ ಮೇಲಿಟ್ಟು ಒತ್ತಿ ನೋಡಿ, “ಸುಸ್ತಾಗೈತೆ, ಆದ್ರೆ ಸತ್ತಿಲ್ಲ,” ಎಂದು ತಮ್ಮ ಡಬ್ಬಿಯಿಂದ ಅದೇ ಜಾತಿಯ ಬೇರೊಂದು ಸ್ಪ್ರಿಂಗು ಹುಡುಕಿ ಕೊಟ್ಟರು. ಹಿಂದಿರುಗಿ ಅದನ್ನು ಕೂರಿಸಿದೆ. ಸ್ಲೈಡು ಮೊದಲಿಗಿಂತ ಜೋರಾಗಿ ಮುಚ್ಚತೊಡಗಿತು. ಮತ್ತೆ ಮೈದಾನ, ಮತ್ತೆ ಮಧ್ಯಾಹ್ನ, ಮತ್ತೆ ಎಲ್ಲವೂ ಸರಿ.

ಕೋರ್ಟಿನ ದಿನ ನಾಳೆ ಎನ್ನುವಾಗ ಗೌಡರು ಪಿಸ್ತೂಲು ಒಯ್ಯಲು ಬಂದರು. ಕೈಗೆ ಕೊಡಲು ಹೊರಟವನು ಕೊಡಲಾರದೆ ನಿಂತೆ. ಕಾಯಿಲೆ ಯಾವುದೆಂದು ಗೊತ್ತಿಲ್ಲದೆಯೇ ಔಷಧ ಕೊಟ್ಟಿದ್ದೇನೆ ಎಂಬುದು ನನಗೆ ಗೊತ್ತಿತ್ತು. ನನ್ನ ಅಂಗಡಿಯಲ್ಲಿ ಒಂದು ಸಲವೂ ನಿಲ್ಲದ್ದು ಅವರ ಮನೆಯಲ್ಲಿ ಪ್ರತಿ ಸಲ ನಿಲ್ಲುತ್ತದೆ. ಹಾಗಾದರೆ ಅವರ ಮನೆಯಲ್ಲಿರುವುದು ಏನೋ ನನ್ನ ಅಂಗಡಿಯಲ್ಲಿ ಇಲ್ಲ.

“ಗೌಡ್ರೇ, ನಾನೂ ನಿಮ್ ಜೊತೆ ಬತ್ತೀನಿ. ಒತ್ತಾರೆ ಅಲ್ಲೇ ನೋಡ್ತೀನಿ,” ಅಂದುಬಿಟ್ಟೆ. ಅಂದದ್ದು ನಾನೇನಾ ಎಂದು ನನಗೇ ಅನುಮಾನವಾಯಿತು.

ಹೆಂಡತಿ ಒಳಗಿನಿಂದ ಕೇಳಿಸಿಕೊಂಡಿದ್ದಳು. “ಕೊಲೆ ಕೇಸಿನೋರ ಮನೇಗೆ ಓಗ್ತೀರಾ? ಇಲೀ ಕಂಡ್ರೆ ಮಂಚ ಅತ್ತೋರು ನೀವು!” ಎಂದಳು. ಆ ಮಾತು ನಿಜವೇ. ಆದರೂ ಸಾಮಾನಿನ ಚೀಲ ಹೆಗಲಿಗೆ ಹಾಕಿಕೊಂಡೆ. ಇಲ್ಲೇ ಉಳಿದು, ನಾಳೆ ಕೋರ್ಟಿಗೆ ಗೌಡರು ಬಂದರೋ ಇಲ್ಲವೋ ಎಂದು ಬಸ್ ಸ್ಟ್ಯಾಂಡಿನ ಕಡೆ ನೋಡುತ್ತಾ ಕೂರುವುದನ್ನು ನೆನೆದರೆ, ಅದು ಇನ್ನೂ ಹೆಚ್ಚಿನ ಹೆದರಿಕೆಯಾಗಿತ್ತು.

ಮನೆ ತಲುಪಿದಾಗ ದೀಪ ಹಚ್ಚುವ ಹೊತ್ತು. ಗೌಡರ ತಾಯಿ ಬಾಗಿಲಿಗೆ ಬಂದು ನೀರು ಕೊಟ್ಟರು. ತೆಳ್ಳನೆಯ ಮುದುಕಿ, ಮಗನ ಕಡೆ ನೋಡುವಾಗ ಕಣ್ಣು ಅಳ್ಳಾಡುತ್ತಿತ್ತು. ಗೌಡರ ಕೈಯಿಂದ ಟವೆಲ್ಲಿನ ಗಂಟು ಇಸಿದುಕೊಂಡು ಒಳಗೆ ಹೋದರು. ಭದ್ರವಾಗಿ ಪೆಟ್ಟಿಗೆಯಲ್ಲಿಡಲು ಎಂದುಕೊಂಡೆ. ಊಟ ಮಾಡಿ ಪಡಸಾಲೆಯಲ್ಲಿ ಮಲಗಿದೆ. ಹೊರಗೆ ನಾಯಿ ಬೊಗಳಿದರೆ ಎದ್ದು ಕೂರುತ್ತಿದ್ದೆ, ಬೊಗಳುವುದು ನಿಲ್ಲಿಸಿದರೆ ಅದಕ್ಕೂ ಎದ್ದು ಕೂರುತ್ತಿದ್ದೆ.

ಕೋಳಿ ಕೂಗಿದ ಮೇಲೆ ಗೌಡರು ಬಂದು ಎಬ್ಬಿಸಿದರು. ಅಂಗಳದಲ್ಲಿ ಮಂಜು ಕವಿದು ಗಾಡಿಯೇ ಕಾಣುತ್ತಿರಲಿಲ್ಲ. ಹಲ್ಲು ಕಟಕಟ ಎನ್ನುವ ಚಳಿ. ತಾಯಿ ದೇವರ ಗೂಡಿನಿಂದ ಹಿತ್ತಾಳೆ ತಟ್ಟೆ ಹಿಡಿದು ಬಂದರು. ತಟ್ಟೆಯಲ್ಲಿ ಪಿಸ್ತೂಲಿತ್ತು. ಅದರ ಮೈಗೆ ಅರಿಶಿನ ಕುಂಕುಮ, ಮೇಲೊಂದು ಸೇವಂತಿಗೆ. ಪಕ್ಕದಲ್ಲಿ ಸಾಲಾಗಿ ತೋಟಾಗಳು. ಒಂದೊಂದು ತೋಟಾದ ಮೈಗೂ ಎಣ್ಣೆಯಲ್ಲಿ ಕಲಸಿದ ಅರಿಶಿನದ ಪಟ್ಟೆ, ಅದರ ಮೇಲೆ ಕುಂಕುಮದ ಬೊಟ್ಟು.

ನಾನು ತಟ್ಟೆ ಇಸಿದುಕೊಂಡೆ.

ಎಲ್ಲರನ್ನೂ ಹಿಂದೆ ನಿಲ್ಲಿಸಿ, ಅಂಗಳದ ಮೂಲೆಯ ಮರಳುಗುಡ್ಡೆಯ ಮುಂದೆ ಕೂತೆ. ತೋಟಾಗಳನ್ನು ಇದ್ದ ಹಾಗೆಯೇ ಮ್ಯಾಗಜೀನಿಗೆ ತುಂಬಿದೆ. ನಳಿಗೆ ಮರಳಿನ ಕಡೆ, ಬೆರಳು ಟ್ರಿಗರಿನಿಂದ ದೂರ. ಸ್ಲೈಡು ಎಳೆದು ಬಿಟ್ಟೆ. ಟಕ್ ಎನ್ನಲಿಲ್ಲ. ಮೆತ್ತನೆಯ ಒಂದು ಶಬ್ದವಾಗಿ, ಹೊಸ ಸ್ಪ್ರಿಂಗು ಇದ್ದರೂ, ಅಕ್ಕಿಕಾಳಿನಷ್ಟು ಸಂದು ಬಿಟ್ಟು ನಿಂತಿತು. ಕೊನೆಗೂ ಕಾಯಿಲೆ ನನ್ನ ಕೈಯಲ್ಲೇ ಇತ್ತು. ಜೊತೆಗೆ ಮದ್ದು ತುಂಬಿದ ತೋಟಾ, ಅರ್ಧ ತೆರೆದ ಬಾಗಿಲು. ಹಿಂದಿನಿಂದ ಅಂಗೈಲಿ ಗುದ್ದಿ ಮುಚ್ಚಿಬಿಡುವವರಿದ್ದಾರೆ. ನಾನು ಮುಟ್ಟಲಿಲ್ಲ. ಮ್ಯಾಗಜೀನು ಜಾರಿಸಿ ಕೆಳಗಿಟ್ಟು, ಮುಖ ಪಕ್ಕಕ್ಕೆ ತಿರುಗಿಸಿಕೊಂಡು ಸ್ಲೈಡನ್ನು ನಿಧಾನ ಹಿಂದಕ್ಕೆಳೆದೆ. ಮೊದಲು ಬರಲಿಲ್ಲ. ಆಮೇಲೆ ಬಂತು, ತೋಟಾ ಮರಳಿನ ಮೇಲೆ ಬಿತ್ತು.

ಅದರ ಮೈಮೇಲೆ ಉಂಗುರದ ಹಾಗೆ ಅರಿಶಿನ ಒತ್ತರಿಸಿಕೊಂಡು ನಿಂತಿತ್ತು. ಉಗುರಿನಿಂದ ಕೆರೆದೆ. ಮೇಣದಂತೆ ಸುರುಳಿಯಾಗಿ ಎದ್ದು ಬಂತು.

“ಅಮ್ಮಾ, ಇದು ಯಾವ ಎಣ್ಣೆ?”

“ಕೊಬ್ರಿ ಎಣ್ಣೆ ಕಣಪ್ಪಾ. ದೇವ್ರ ದೀಪದ್ದು. ಮೆದೆ ಸುಟ್ಟಾಗಿಂದ ದಿನಾ ಸಂಜೇಲಿ ಪೂಜೆ ಮಾಡ್ತಾ ಇವ್ನಿ. ಇದೇ ಅಲ್ವಾ ನನ್ ಮಗನ್ನ ಕಾಯದು?”

ಎಲ್ಲವೂ ಒಮ್ಮೆಗೇ ಅರ್ಥವಾಯಿತು. ಕೊಬ್ಬರಿ ಎಣ್ಣೆ ಈ ಚಳಿಗೆ ಹೆಪ್ಪುಗಟ್ಟುತ್ತದೆ. ಅರಿಶಿನ ಸೇರಿದರೆ ಗಾರೆಯಂತಾಗಿ ತೋಟಾವನ್ನು ಗೂಡಿನೊಳಗೆ ಪೂರ್ತಿ ಕೂರಗೊಡುವುದಿಲ್ಲ. ಅಂದು ಗೂಡಿನಲ್ಲಿ ನಾನು ಕಂಡ ಹಳದಿ ಹಿತ್ತಾಳೆಯದಲ್ಲ, ಈ ಅರಿಶಿನದ್ದು. ನನ್ನ ಅಂಗಡಿಗೆ ಬರುವ ಹೊತ್ತಿಗೆ ಪಿಸ್ತೂಲನ್ನು ಒರೆಸಿರುತ್ತಿದ್ದರು, ಉಳಿದದ್ದು ಬಿಸಿಲಿಗೆ ಕರಗಿರುತ್ತಿತ್ತು. ತೋಟಾಗಳಂತೂ ನನ್ನ ಕಣ್ಣಿಗೇ ಬಿದ್ದಿರಲಿಲ್ಲ, ಮನೆಯಲ್ಲೇ ಬಿಟ್ಟು ಬರಬೇಕೆಂದು ಕಟ್ಟುನಿಟ್ಟು ಮಾಡಿದವನು ನಾನೇ.

ಗೌಡರಿಗೂ ಹೊಳೆದಿತ್ತು. ತಾಯಿಗೆ ಹೇಳಬೇಡಿ ಎಂದು ಕಣ್ಸನ್ನೆ ಮಾಡಿದರು. ಆದರೆ ಹೇಳದಿದ್ದರೆ ಇವತ್ತು ಸಂಜೆಯೇ ಮತ್ತೆ ಪೂಜೆಯಾಗುತ್ತದೆ.

“ಅಮ್ಮಾ, ಪೂಜೆ ಮಾಡಿ. ಪಿಸ್ತೂಲಿಗೆ ಮಾತ್ರ ಬ್ಯಾಡ. ಎಣ್ಣೆ ಗಟ್ಟಿಯಾಗಿ ಬಾಗ್ಲು ಮುಚ್ಚಾಕೆ ಬುಡ್ತಾ ಇಲ್ಲ.”

“ದೇವ್ರ ಎಣ್ಣೆಯಿಂದ ಕೇಡಾಯ್ತದಾ?” ಎಂದವರು ಒಳಗೆ ಹೋಗಿ ಎಣ್ಣೆಯ ಗಿಂಡಿ ತಂದು ಬಗ್ಗಿಸಿದರು. ತೊಟ್ಟೂ ಬೀಳಲಿಲ್ಲ. ಒಳಗೆ ಬೆಳ್ಳಗೆ ಗಟ್ಟಿಯಾಗಿ ಕೂತಿತ್ತು. ಅವರು ಅದನ್ನೇ ನೋಡುತ್ತಾ ನಿಂತರು.

“ಅಂಗಾರೆ ನನ್ ಮಗನ್ ಕೈನ ನಾನೇ ಕಟ್ಟಾಕ್ಬುಟ್ಟಿದ್ನಾ?”

ಮುದುಕಿ ನನ್ನ ಪಕ್ಕದಲ್ಲಿ ಕೂತು, ತೋಟಾಗಳನ್ನು ಒಂದೊಂದಾಗಿ ಎತ್ತಿಕೊಂಡು ಸೆರಗಿನಿಂದ ಒರೆಸತೊಡಗಿದರು. ಗಾಡಿಯಾತ ಎತ್ತು ಹೂಡುತ್ತಿರುವಾಗಲೇ ಪಿಸ್ತೂಲು ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದೆ, ಗೂಡನ್ನು ಒಣಬಟ್ಟೆ ಹಾಕಿ ತಿರುಗಿಸಿ ತಿರುಗಿಸಿ ಒರೆಸಿದೆ. ಹಾರಿಸಿ ನೋಡುವಂತಿರಲಿಲ್ಲ, ಸದ್ದಿಗೆ ಊರೇ ಏಳುತ್ತದೆ. ಅದೇ ಮರಳುಗುಡ್ಡೆಯ ಮುಂದೆ ಅವೇ ತೋಟಾಗಳನ್ನು ತುಂಬಿ ಎಳೆದು ಬಿಟ್ಟೆ. ಆ ಚಳಿಯಲ್ಲೂ ಪ್ರತಿ ಸಲ ಟಕ್ ಎಂದು ಪೂರ್ತಿ ಮುಚ್ಚಿತು. ಗೂಡು ಖಾಲಿ ಮಾಡಿ, ತುಂಬಿದ ಮ್ಯಾಗಜೀನನ್ನು ಮಾತ್ರ ಹಾಕಿ ಗೌಡರಿಗೆ ಕೊಟ್ಟೆ. “ಬೇಕಾದಾಗ ಮಾತ್ರ ಎಳೀರಿ,” ಅಂದೆ.

ಓದುವವರು ಕಾತರಪಡುವುದು ಬೇಡ, ಮೊದಲೇ ಹೇಳಿಬಿಡುತ್ತೇನೆ. ಗೌಡರು ಅಂದು ಕೋರ್ಟು ಹತ್ತಿದರು, ಕಂಡದ್ದನ್ನು ಕಂಡ ಹಾಗೆ ಹೇಳಿದರು, ಸಂಜೆ ಪೊಲೀಸರ ಜೊತೆಯಲ್ಲಿ ಮನೆ ಸೇರಿದರು. ಆರೋಪಿಗೆ ಶಿಕ್ಷೆಯೂ ಆಯಿತು. ಆದರೆ ಆ ದಿನವೆಂದರೆ ನನಗೆ ನೆನಪಾಗುವುದು ಕೋರ್ಟಲ್ಲ, ಕೆರೆ ಏರಿ.

ಗಾಡಿ ಏರಿ ಹತ್ತಿದಾಗ ಪೂರ್ವದಲ್ಲಿ ಬೆಳಕಿನ ಗೆರೆ ಮೂಡುತ್ತಿತ್ತು. ಗಾಡಿಯಾತ ಮುಂದಿನ ಮೂಕಿಮರದ ಮೇಲೆ, ಅವನ ಹಿಂದೆ ಗೌಡರು, ಅವರ ಬೆನ್ನಿಗಂಟಿಕೊಂಡು ನಾನು. ಮಂಜಿನೊಳಗೆ ದಾರಿಯ ನಡುವೆ ಎರಡು ಆಕಾರಗಳು ಕಂಡವು. ಕಂಬಳಿ ಹೊದ್ದಿದ್ದವು. ಒಬ್ಬನ ಕೈಯಲ್ಲಿ ಮಚ್ಚು ಇತ್ತು.

ಗೌಡರು ಪಿಸ್ತೂಲು ತೆಗೆದು ಸ್ಲೈಡು ಎಳೆದು ಬಿಟ್ಟರು.

ಟಕ್.

ಎಷ್ಟು ದಿನದಿಂದ ಆ ಶಬ್ದಕ್ಕಾಗಿ ಒದ್ದಾಡಿದ್ದೆ! ಈಗ ಕೇಳಿಸಿತು, ಮತ್ತು ನನ್ನ ಜೀವಮಾನದಲ್ಲಿ ಅಷ್ಟು ಹೆದರಿದ್ದು ಅದೊಂದೇ ಸಲ. ಬಾಗಿಲು ಭದ್ರವಾಗಿ ಮುಚ್ಚಿದೆ, ಇನ್ನು ಎಳೆದರೆ ಹೊಡೆಯುತ್ತದೆ. ಗೌಡರ ತೋಳು ಚಾಚಿತ್ತು. ಬೆರಳು ಟ್ರಿಗರಿನ ಮೇಲಿತ್ತು. ಯಾರು ಎಂದು ಕೂಗಲು ನನಗೆ ದನಿಯೇ ಹೊರಡಲಿಲ್ಲ.

ಹಿಂದಿನದೇನೂ ಕಾಣದ ಗಾಡಿಯಾತ ಮಾಮೂಲಿನಂತೆ ಕೂಗಿದ, “ಯಾರ್ಲಾ ಅದು, ದಾರಿ ಮಧ್ಯ?”

“ನಾವ್ ಕಣಣ್ಣೋ. ಈಚಲು ಗರಿ ಕುಯ್ಯಾಕ್ ಬಂದಿದ್ವಿ. ಪೊರ್ಕೆ ಕಟ್ಟಾಕೆ.”

ಗೌಡರಿಗೆ ಅದು ಕೇಳಿಸಲಿಲ್ಲ ಎನಿಸಿತು. ಬೆರಳು ಹಾಗೆಯೇ ಇತ್ತು. ನಾನು ಹಿಂದಿನಿಂದ ಅವರ ಮಣಿಕಟ್ಟನ್ನು ಎರಡೂ ಕೈಯಲ್ಲಿ ಹಿಡಿದು ನಳಿಗೆಯನ್ನು ಗಾಡಿಯೊಳಗೆ ಹಾಸಿದ್ದ ಹುಲ್ಲಿನ ಕಡೆ ಒತ್ತಿದೆ. “ಬುಡಿ ಗೌಡ್ರೇ, ಪೊರಕೆಯೋರು, ಪೊರಕೆಯೋರು,” ಎಂದು ಕಿವಿಯಲ್ಲಿ ಹೇಳುತ್ತಲೇ ಇದ್ದೆ. ಬೆರಳು ಸಡಿಲವಾಯಿತು. ಪಿಸ್ತೂಲು ಇಸಿದುಕೊಂಡು ಮ್ಯಾಗಜೀನು ತೆಗೆದು ಸ್ಲೈಡು ಎಳೆದೆ. ಗೂಡಿನಲ್ಲಿ ನೆಟ್ಟಗೆ ಕೂತಿದ್ದ ತೋಟಾ ಹುಲ್ಲಿನೊಳಕ್ಕೆ ಬಿತ್ತು. ಗೌಡರು ಮೊಣಕಾಲಿಗೆ ಮುಖ ಕೊಟ್ಟು ಅಳುತ್ತಿದ್ದರು.

ಗಾಡಿ ಅವರ ಪಕ್ಕಕ್ಕೆ ಬಂತು. ಮಚ್ಚು ಹಿಡಿದಾತ ಇನ್ನೂ ಮೀಸೆ ಬಲಿಯದವನು. ಗಾಡಿಯ ಜೊತೆಗೇ ನಾಲ್ಕು ಹೆಜ್ಜೆ ನಡೆಯುತ್ತಾ ಕಿವಿಯ ಮೇಲಿನ ಬೀಡಿ ತೆಗೆದು, “ಬೆಂಕಿಕಡ್ಡಿ ಐತಾ ಸಾ?” ಎಂದು ನನ್ನನ್ನು ಕೇಳಿದ. ಗೀರಿ ಹಿಡಿದೆ. ಕಡ್ಡಿ ಬೀಡಿಯ ತುದಿಗೆ ತಾಗಲೇ ಇಲ್ಲ, ನನ್ನ ಕೈ ಅಷ್ಟು ಕುಣಿಯುತ್ತಿತ್ತು. ಅವನು ತನ್ನ ಕೈಯಿಂದ ನನ್ನ ಕೈಯನ್ನು ಮೆಲ್ಲಗೆ ಹಿಡಿದು ನಿಲ್ಲಿಸಿ ಬೀಡಿ ಹಚ್ಚಿಕೊಂಡ.

“ಬಾಳ ಚಳಿ ಅಲ್ವಾ ಸಾ?” ಎಂದ.

“ಊಂ ಕಣಪ್ಪಾ, ಬಾಳ ಚಳಿ,” ಅಂದೆ.